ಹನ್ನೊಂದು ಚಮಚ

ಮೊದಲ ನಿಯಮ: ಕೆಳಗೆ ಯಾರೂ ನಿಲ್ಲಕೂಡದು.
ಎರಡನೆಯ ನಿಯಮ ಇಲ್ಲ.
ರಾಕ್‌ಫರ್ಡಿನ ಆ ಮನೆಯ ನೆಲಮಾಳಿಗೆಯಲ್ಲಿ
ಡ್ವೇನ್ ಇದನ್ನು ಮೂರು ಸಲ ಹೇಳಿದ,
ಮೂರನೆಯ ಸಲ ಎಡಗೈ ಎತ್ತಿ.
ಕಿರುಬೆರಳಿರಬೇಕಾದಲ್ಲಿ
ಬರೀ ನಯವಾದ ಚರ್ಮ.

ಲೇಥು ಮೂಲೆಯಲ್ಲಿತ್ತು,
ಐವತ್ತೆರಡು ವರ್ಷ ಒಂದೇ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ
ಎಣ್ಣೆಗಪ್ಪು ಮೈ, ತಣ್ಣಗೆ.
ಪಕ್ಕದಲ್ಲಿ ಬಟ್ಟೆ ಒಗೆಯುವ ಯಂತ್ರ,
ಬೀಟ್‌ರೂಟು ನೆನೆಹಾಕಿದ ಸೀಸೆಗಳ ಸಾಲು.
ಹದಿನೆಂಟು ನೂರು ಪೌಂಡು.
ಮೆಟ್ಟಿಲು ಹದಿಮೂರು, ಪೈನ್ ಮರದವು,
ಈವರೆಗೆ ಹೊತ್ತದ್ದು ಮಕ್ಕಳನ್ನು, ಒಗೆದ ಬಟ್ಟೆಯನ್ನು,
ವರ್ಷಕ್ಕೊಮ್ಮೆ ಕ್ರಿಸ್ಮಸ್ ಮರದ ಪೆಟ್ಟಿಗೆಯನ್ನು.

ಕೊಂಡವಳು ಮರಿಸೋಲ್, ಬೆಸುಗೆ ಕೆಲಸದವಳು,
ಇಪ್ಪತ್ತಾರು ವಯಸ್ಸು, ತೋಳಿನ ತುಂಬ ಕಿಡಿ ಸುಟ್ಟ ಚುಕ್ಕೆ.
"ಇಳಿದದ್ದು ಏರದೇ ಇರುತ್ತದೆಯೇ?" ಎಂದಳು.
ನಾನು ಸುಮ್ಮನಿದ್ದೆ.
ಇಳಿಸುವಾಗ ನೆಲ ನೆಂಟ,
ಏರಿಸುವಾಗ ಅದೇ ನೆಲ ಸಾಲ ಕೊಟ್ಟವನು.

ಕಳಚಿದೆವು. ಮೋಟಾರು, ಚಕ್ಕು, ಹೆಡ್‌ಸ್ಟಾಕು,
ಬೋಲ್ಟುಗಳೆಲ್ಲ ಮೊಟ್ಟೆಯ ರಟ್ಟಿನ ಗುಳಿಗಳಲ್ಲಿ.
ಉಳಿದದ್ದು ಹಾಸು, ಬೆನ್ನುಮೂಳೆ,
ಎರಕದ ಕಬ್ಬಿಣದ ಒಂದೇ ತುಂಡು.
ಮೆಟ್ಟಿಲ ಮೇಲೆ ಹಲಗೆ, ಹಲಗೆಯ ಮೇಲೆ ಅದು,
ಹಿತ್ತಿಲ ಜಗಲಿಯ ಕಂಬಕ್ಕೆ ರಾಟೆ.
ಕಿರ್ ಎಂದು ಒಂದು ಗೇಣು. ನಿಲ್ಲು. ಬೆಣೆ.
ಕಿರ್ ಎಂದು ಇನ್ನೊಂದು.
ಹೊರಗೆ ಮೈನಸ್ ಹತ್ತು, ನಮಗೆ ಬೆವರು.

ಏಳನೆಯ ಮೆಟ್ಟಿಲಲ್ಲಿ ನಿಂತುಬಿಟ್ಟಿತು.
ಹಗ್ಗ ತಂತಿಯ ಹಾಗೆ ಬಿಗಿದು ಮಿಡಿಯಿತು.
ಡ್ವೇನ್ ಬೈದ, ಆಮೇಲೆ ಬೈಯುವುದನ್ನೂ ನಿಲ್ಲಿಸಿದ.

ಅಡುಗೆಮನೆಯಲ್ಲೇ ಕೂತಿರಿ ಎಂದು
ನಾವು ಕೂರಿಸಿದ್ದ ಡಾಗ್ನಿ ಎಕ್‌ಸ್ಟ್ರಂ,
ಎಂಬತ್ತರ ಮುದುಕಿ, ಬಾಗಿಲಿಗೆ ಬಂದಳು,
ಕೈಯಲ್ಲಿ ಪಾತ್ರೆ ತೊಳೆಯುವ ಹಸಿರು ಸೋಪು.
"ಹಲಗೆಗೆ ಹಚ್ಚಲಿಲ್ಲವೇ? ಅಯ್ಯೋ ಗಂಡಸರೇ."
ಸುರಿದಳು. ಸೋಪು ಸಾವಕಾಶ ಇಳಿಯಿತು,
ನಿಂಬೆಯ ವಾಸನೆ.
"ಕಂಬಕ್ಕೆ ಮೂರು ಸುತ್ತು ಹಾಕಿ, ಎರಡಲ್ಲ.
ಇಳಿಸಿದ ದಿನ ಹಗ್ಗ ಹಿಡಿದವಳು ನಾನು.
ಐದು ತಿಂಗಳ ಬಸುರಿ."
ರಾಗ್ನರ್ ಎಲ್ಲಿದ್ದ, ಕೇಳಿದೆ.
"ಇನ್ನೆಲ್ಲಿ? ಕೆಳಗೆ."

ಡ್ವೇನ್ ತನ್ನ ಕೈ ನೋಡಿಕೊಂಡ.

ಮಧ್ಯಾಹ್ನಕ್ಕೆ ಹಾಸು ಟ್ರಕ್ಕಿನಲ್ಲಿತ್ತು.
ಕೊನೆಗೆ ಕಾಲುಗಳನ್ನು ಎತ್ತಿದಾಗ
ಹಿಂಬದಿಯ ಎಡಗಾಲಿನಡಿ, ಮಟ್ಟಕ್ಕೆಂದು ತುರುಕಿದ್ದು,
ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ
ಒಂದು ಚಮಚ.
ಮರಿಸೋಲ್ ಅಂಗಿಗೆ ಒರೆಸಿದಳು. ಬೆಳ್ಳಿ.
ಹಿಡಿಯ ಮೇಲೆ ಚಿಕ್ಕ ಗಂಟೆಹೂವು.

ಡಾಗ್ನಿ ಅದನ್ನು ಕಿಟಕಿಗೆ ಹಿಡಿದು ನೋಡಿದಳು,
ತುಂಬ ಹೊತ್ತು.
ಮದುವೆಯ ಉಡುಗೊರೆ, ಹನ್ನೆರಡರ ಕಟ್ಟು,
ಮೊದಲ ವರ್ಷದಿಂದಲೇ ಹನ್ನೊಂದು.
"ಥೈರಾ ತೆಗೆದಳು ಅಂದುಕೊಂಡಿದ್ದೆ.
ಇವನ ತಂಗಿ.
ಅಂದು ಬಿಟ್ಟೆ ಕೂಡ, ಅವಳ ಮುಖಕ್ಕೇ,
ಊಟದ ಮೇಜಿನಲ್ಲಿ, ಎಲ್ಲರೆದುರು."
ರಾಗ್ನರ್ ಅಲ್ಲೇ ಇದ್ದನಂತೆ,
ಆಲೂಗಡ್ಡೆಗೆ ಬೆಣ್ಣೆ ಹಚ್ಚುತ್ತ.

ಥೈರಾ ತೀರಿಕೊಂಡು ಒಂಬತ್ತು ವರ್ಷ.

ಯಾರೂ ಏನೂ ಅನ್ನಲಿಲ್ಲ.
ಮರಿಸೋಲ್ ಮೆಲ್ಲಗೆ, ಅದು ಲೇಥಿನ ಜೊತೆಗೇ ಬರಲೇ, ಎಂದಳು.
"ಬೇಡ," ಮುದುಕಿ ಚಮಚವನ್ನು
ಏಪ್ರನ್ನಿನ ಜೇಬಿಗೆ ಇಳಿಸಿದಳು.
"ನಿನ್ನ ನೆಲದ ಓರೆಗೆ
ನಿನ್ನದೇ ಏನಾದರೂ ಹುಡುಕಿಕೋ."

ಸರಪಳಿ ಮರೆತು ಬಂದಿದ್ದೆ, ಮತ್ತೆ ಇಳಿದೆ.
ಸಿಮೆಂಟಿನ ಮೇಲೆ ಲೇಥಿನ ಉದ್ದದ
ಬಿಳಿಚಿದ ಚೌಕ, ಸುತ್ತ ಎಣ್ಣೆಯ ಅಂಚು.
ಅದರೊಳಗೆ ನಿಂತು ಮೇಲೆ ನೋಡಿದೆ:
ಹದಿಮೂರು ಮೆಟ್ಟಿಲು, ಸೋಪಿನ ಹೊಳಪು,
ತೆರೆದ ಬಾಗಿಲಲ್ಲಿ ಬೆಳಕು.
ಹಗ್ಗದ ಆ ತುದಿಯಲ್ಲಿ
ಯಾರಿರಬೇಕು ಎಂದು
ನನಗೆ ಒಂದು ಹೆಸರೂ ಹೊಳೆಯಲಿಲ್ಲ.